ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ: ಬಡಾವಣೆಯ ಪಾರ್ಕಿನಲ್ಲಿ ಮಾಡಬೇಕಾದ ವಸಂತದ ಕೆಲಸಗಳು

ದಾವಣಗೆರೆಯ ಕಡೆ ವಸಂತ ಬರುವುದೇ ಬೇಸಿಗೆಯ ಬೆನ್ನೇರಿ. ಹೋಳಿ ಹುಣ್ಣಿಮೆಯ ಹೊತ್ತಿಗೆ ಹೊಂಗೆ ಹಳೆಯ ಎಲೆ ಉದುರಿಸಿ ಎಳೆ ಚಿಗುರು ಹೊದ್ದಿರುತ್ತದೆ, ಯುಗಾದಿಗೆ ಬೇವಿನ ಹೂವು ಸಿದ್ಧವಾಗಿರುತ್ತದೆ, ಅಷ್ಟರಲ್ಲಿ ಬಿಸಿಲು ಮೂವತ್ತೇಳು ಮೂವತ್ತೆಂಟು ಡಿಗ್ರಿ ಮುಟ್ಟಿರುತ್ತದೆ. ಮರಗಳ ಈ ಹುರುಪನ್ನು ಕಂಡು ಬಡಾವಣೆಯ ನಾಲ್ಕು ಜನ ಸೇರಿ ಪಾರ್ಕಿನಲ್ಲಿ ಸಸಿ ನೆಡೋಣವೆಂದು ಹೊರಡುವುದು ಸಹಜ. ನಾವೂ ಒಮ್ಮೆ ಯುಗಾದಿಯ ಮರುದಿನವೇ ನಲವತ್ತು ಸಸಿಗಳನ್ನು ನೆಟ್ಟು, ಫೋಟೋ ತೆಗೆಸಿಕೊಂಡು, ಎರಡು ತಿಂಗಳು ಕೊಡ ಹೊತ್ತೆವು. ಮೇ ಕೊನೆಗೆ ಉಳಿದವು ಆರು. ನಮ್ಮಂಥ ಬಯಲುಸೀಮೆಯಲ್ಲಿ ವಸಂತವು ನೆಡುವ ಕಾಲವಲ್ಲ, ನೆಡಲು ಅಣಿಯಾಗುವ ಕಾಲ. ಇರುವ ಗಿಡವನ್ನು ಉಳಿಸಿಕೊಳ್ಳುವುದು, ಮಣ್ಣು ಮತ್ತು ಗೊಬ್ಬರವನ್ನು ಸಿದ್ಧಪಡಿಸುವುದು, ಬೀಳಲಿರುವ ಮಳೆಗೆ ದಾರಿ ಮಾಡಿಕೊಡುವುದು ಮತ್ತು ರಜೆಯಲ್ಲಿರುವ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚುವುದು, ಇಷ್ಟನ್ನು ಹೇಗೆ ಮಾಡಬೇಕೆಂದು ಇಲ್ಲಿ ವಿವರಿಸಿದ್ದೇನೆ.

ಮೊದಲು ಪಾರ್ಕು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಿ. ಹಳೆಯ ಬಡಾವಣೆಗಳ ಉದ್ಯಾನಗಳು ಸಾಮಾನ್ಯವಾಗಿ ಮಹಾನಗರ ಪಾಲಿಕೆಯವು. ಹೊಸ ಬಡಾವಣೆಯಾಗಿದ್ದರೆ ಅದು ಇನ್ನೂ ಪಾಲಿಕೆಗೆ ಹಸ್ತಾಂತರವಾಗದೆ ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ಬಳಿಯೇ ಇರಬಹುದು. ಯಾವ ದಿನಗಳಲ್ಲಿ ಏನು ಮಾಡುತ್ತೀರಿ, ಗುಂಡಿ ಎಲ್ಲಿ ತೋಡುತ್ತೀರಿ ಎಂಬುದನ್ನು ಒಂದು ಪುಟದಲ್ಲಿ ಬರೆದು, ಪಾರ್ಕಿನ ಕೈನಕ್ಷೆಯನ್ನು ಸೇರಿಸಿ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉದ್ಯಾನದ ಜಾಗವನ್ನು ಬೇರೆ ಬಳಕೆಗೆ ತಿರುಗಿಸದಂತೆ ತಡೆಯುವ ರಾಜ್ಯದ ಕಾಯ್ದೆ 1985ರಿಂದಲೂ ಇದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುವ ವೃಕ್ಷ ಸಂರಕ್ಷಣಾ ಕಾಯ್ದೆ ಅದಕ್ಕೂ ಹಿಂದಿನದು, 1976ರದು. ನೀವು ಮಾಡುವುದು ಒಳ್ಳೆಯ ಕೆಲಸವೇ ಆದರೂ ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಿಕೊಳ್ಳಬೇಡಿ.

ಅರ್ಜಿ ಅತ್ತ ಓಡಾಡುತ್ತಿರುವಾಗ ಇತ್ತ ತರಗೆಲೆಯ ಕೆಲಸ ಆರಂಭಿಸಬಹುದು. ಫೆಬ್ರವರಿ ಕೊನೆಯಿಂದ ಮಾರ್ಚ್‌ ಪೂರ್ತಿ ಹೊಂಗೆ, ಬೇವು, ಮಳೆಮರಗಳ ಎಲೆ ರಾಶಿ ರಾಶಿಯಾಗಿ ಉದುರುತ್ತದೆ, ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದು ಎಲ್ಲ ಕಡೆ ಕಾಣುವ ರೂಢಿ. ಇದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು ಎನ್ನುವುದು ಒಂದು ಮಾತು; ಜೂನ್‌ನಲ್ಲಿ ಹಣ ಕೊಟ್ಟು ಟ್ರ್ಯಾಕ್ಟರ್‌ನಲ್ಲಿ ತರಿಸುವ ಗೊಬ್ಬರವನ್ನೇ ಮಾರ್ಚ್‌ನಲ್ಲಿ ನಾವು ಸುಟ್ಟುಬಿಡುತ್ತೇವೆ ಎನ್ನುವುದು ಅದಕ್ಕಿಂತ ನೋವಿನ ಮಾತು. ಕಾಮದಹನಕ್ಕೆ ಪಾರ್ಕಿನ ಕೊಂಬೆಗಳನ್ನೇ ಮುರಿದೊಯ್ಯುವ ಹುಡುಗರನ್ನು ಬೈದು ಓಡಿಸುವ ಬದಲು, ಒಣಕಟ್ಟಿಗೆಯನ್ನು ನೀವೇ ಒಂದೆಡೆ ಕೂಡಿಹಾಕಿ, ಮರದ ಬೇರುಗಳಿಂದ ದೂರವಿರುವ ಬಯಲು ಜಾಗವನ್ನು ತೋರಿಸಿದರೆ ಇಬ್ಬರ ಕೆಲಸವೂ ಆಗುತ್ತದೆ.

ಗೊಬ್ಬರದ ಗುಂಡಿಯನ್ನು ಅರ್ಧ ನೆರಳಿರುವ, ಮಳೆನೀರು ನುಗ್ಗದ ಜಾಗದಲ್ಲಿ ತೋಡಿಸಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳ ಸಾಕು. ಇನ್ನೂ ಆಳ ಮಾಡಿದರೆ ತಳಕ್ಕೆ ಗಾಳಿ ಸಿಗದೆ ಎಲೆ ಕಳಿಯುವ ಬದಲು ನಾರುತ್ತದೆ. ಒಂದಡಿ ದಪ್ಪದ ತರಗೆಲೆಯನ್ನು ತುಳಿದು ಕೂರಿಸಿ, ಅದರ ಮೇಲೆ ಸಗಣಿ ಕಲಸಿದ ನೀರು ಚಿಮುಕಿಸಿ, ತೆಳುವಾಗಿ ಮಣ್ಣು ಎರಚಿ. ಹೀಗೆ ಪದರದ ಮೇಲೆ ಪದರ ಹಾಕುತ್ತ ನೆಲದಿಂದ ಒಂದಡಿ ಎತ್ತರಕ್ಕೆ ಬಂದ ಮೇಲೆ ಗೋಣಿತಟ್ಟು ಹೊದಿಸಿ. ತೇವ ಸರಿಯಾಗಿದೆಯೇ ಎಂದು ತಿಳಿಯಲು ಒಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು: ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಿಸಿಕೊಂಡರೆ ಸರಿ, ಸುರಿದರೆ ಹೆಚ್ಚು, ಏನೂ ಕಾಣದಿದ್ದರೆ ಕಡಿಮೆ. ತಿಂಗಳಿಗೊಮ್ಮೆ ತಿರುವಿಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರವಾಗಿ, ನೆಡುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ನೀಲಗಿರಿ ಮತ್ತು ಅಕೇಶಿಯಾ ಎಲೆಗಳು ಬೇಗ ಕಳಿಯುವುದಿಲ್ಲವಾದ್ದರಿಂದ ಅವನ್ನು ಬೇರೆ ಇಡಿ. ಹೂ ಬಿಟ್ಟ ಪಾರ್ಥೇನಿಯಂ ಗಿಡವನ್ನಂತೂ ಗುಂಡಿಗೆ ಹಾಕಲೇಬೇಡಿ. ಬೀಜ ಉಳಿದುಕೊಂಡು ಮುಂದಿನ ವರ್ಷ ಗೊಬ್ಬರ ಚೆಲ್ಲಿದಲ್ಲೆಲ್ಲ ಏಳುತ್ತದೆ.

ಎಲ್ಲ ತರಗೆಲೆಯನ್ನೂ ಗುಂಡಿಗೆ ಸುರಿಯಬೇಕಿಲ್ಲ. ಹೋದ ಮಳೆಗಾಲದಲ್ಲಿ ನೆಟ್ಟ ಎಳೆಯ ಗಿಡಗಳ ಪಾತಿಗೆ ಮೂರು ನಾಲ್ಕು ಅಂಗುಲ ದಪ್ಪದ ಹೊದಿಕೆಯಾಗಿ ಅದನ್ನು ಬಳಸಿದರೆ ತೇವ ಬೇಗ ಆರುವುದಿಲ್ಲ. ಕಾಂಡಕ್ಕೆ ಮಾತ್ರ ತಾಗದಂತೆ ಒಂದು ಗೇಣು ಬಿಡಬೇಕು, ಇಲ್ಲವಾದರೆ ಗೆದ್ದಲಿಗೆ ನೀವೇ ಏಣಿ ಹಾಕಿಕೊಟ್ಟಂತೆ. ನೀರನ್ನು ದಿನವೂ ಒಂದೊಂದು ತಂಬಿಗೆ ಹಾಕುವುದಕ್ಕಿಂತ ವಾರಕ್ಕೆ ಎರಡು ಸಲ ಹದಿನೈದು ಲೀಟರ್‌ನಂತೆ ಹಾಕುವುದು ಮೇಲು, ಏಕೆಂದರೆ ಮೇಲ್ಮಣ್ಣಷ್ಟೇ ನೆನೆದರೆ ಬೇರು ಕೆಳಗಿಳಿಯದೆ ಮೇಲೆಯೇ ಹರಡಿ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಮೂವತ್ತು ಗಿಡಗಳಿದ್ದರೆ ವಾರಕ್ಕೆ 900 ಲೀಟರ್ ಆಯಿತು. 5000 ಲೀಟರ್‌ನ ಒಂದು ಟ್ಯಾಂಕರ್ ಐದು ವಾರ ದಾಟಿಸುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕಿ ಮನೆಗಿಷ್ಟು ಎಂದು ಹಣ ಸೇರಿಸಿಕೊಂಡರೆ, ಪಾರ್ಕಿನ ಬೋರ್‌ವೆಲ್ ಏಪ್ರಿಲ್‌ನಲ್ಲಿ ಕೈಕೊಟ್ಟಾಗ ಗಾಬರಿಯಾಗಬೇಕಿಲ್ಲ. ಸೂಕ್ಷ್ಮವಾದ ಗಿಡಗಳ ಪಕ್ಕದಲ್ಲಿ ತಳಕ್ಕೆ ಸಣ್ಣ ತೂತು ಮಾಡಿ ಹತ್ತಿಯ ಬತ್ತಿ ತೂರಿಸಿದ ಮಡಕೆಯನ್ನು ಕಂಠದವರೆಗೆ ಹೂತು, ನೀರು ತುಂಬಿ ಮುಚ್ಚಳ ಮುಚ್ಚಿಟ್ಟರೆ, ಊರಿಗೆ ಹೋಗಿ ಎರಡು ದಿನ ತಡವಾಗಿ ಬಂದರೂ ಗಿಡ ಬಾಡಿರುವುದಿಲ್ಲ.

ಇನ್ನು ಗುಂಡಿ. ಏಪ್ರಿಲ್ ಮೊದಲ ವಾರದಲ್ಲಿ ಸುಣ್ಣದ ಪುಡಿಯಿಂದ ಜಾಗ ಗುರುತಿಸಿ. ವಿದ್ಯುತ್ ತಂತಿಯ ಕೆಳಗೆ ಎತ್ತರದ ಮರ ಬೇಡ. ಅಲ್ಲಿ ನೆಟ್ಟರೆ ಹತ್ತು ವರ್ಷದ ಮೇಲೆ ಲೈನ್‌ಮನ್ ಬಂದು ಅದರ ತಲೆ ಕತ್ತರಿಸುತ್ತಾನೆ, ತಪ್ಪು ಅವನದಲ್ಲ. ಕಾಂಪೌಂಡ್ ಗೋಡೆಯಿಂದ ಎಂಟು ಹತ್ತು ಅಡಿ, ಮರದಿಂದ ಮರಕ್ಕೆ ಹದಿನೈದರಿಂದ ಇಪ್ಪತ್ತು ಅಡಿ ಅಂತರವಿರಲಿ. ಗುಂಡಿಯು ಉದ್ದ, ಅಗಲ, ಆಳ ಮೂರರಲ್ಲೂ ಎರಡು ಅಡಿ ಇರಬೇಕು. ಮೇಲಿನ ಒಂದಡಿಯ ಮಣ್ಣನ್ನು ಒಂದು ಬದಿಗೆ, ಕೆಳಗಿನದನ್ನು ಇನ್ನೊಂದು ಬದಿಗೆ ಹಾಕಿಸಿ, ಮೂರು ನಾಲ್ಕು ವಾರ ಬಿಸಿಲಿಗೆ ಬಿಡಿ. ಬೇರುಹುಳುವಿನ ಮೊಟ್ಟೆ, ಕಳೆಬೀಜಗಳು ಆ ಕಾವಿಗೆ ಬಹುಮಟ್ಟಿಗೆ ಸಾಯುತ್ತವೆ. ನಮ್ಮ ಜಿಲ್ಲೆಯಲ್ಲಿ ಎರೆ, ಅಂದರೆ ಕಪ್ಪು ಮಣ್ಣೂ ಇದೆ, ಮಸಬು, ಅಂದರೆ ಸಡಿಲವಾದ ಕೆಂಪು ಮಣ್ಣೂ ಇದೆ, ಇವೆರಡಕ್ಕೂ ಉಪಚಾರ ಬೇರೆ ಬೇರೆ. ಎರೆಯ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಮರಳನ್ನೋ ಮಸಬನ್ನೋ ಬೆರೆಸಬೇಕು. ಮಸಬಿನಲ್ಲಿ ನೀರು ನಿಲ್ಲದೆ ಇಳಿದುಹೋಗುವುದರಿಂದ ಕೆರೆಗೋಡು, ಅಂದರೆ ಕೆರೆಯ ತಳದ ಹೂಳು, ಬೆರೆಸಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ತರುವುದಕ್ಕೂ ಪಂಚಾಯಿತಿಯ ಅಥವಾ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಕೇಳಿಕೊಳ್ಳಿ. ಮೇ ಮಧ್ಯದಲ್ಲಿ, ಕೃತ್ತಿಕಾ ಮಳೆಯ ಹೊತ್ತಿಗೆ, ಮೇಲ್ಮಣ್ಣಿಗೆ ಮೂರರಲ್ಲೊಂದು ಪಾಲು ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ಗುಂಡಿಯನ್ನು ತುಂಬಿಬಿಡಿ. ಅಲ್ಲಿಯವರೆಗೆ ತೆರೆದ ಗುಂಡಿಗಳ ಮೇಲೆ ಜಾಲಿಮುಳ್ಳು ಹೊದಿಸದಿದ್ದರೆ ಸಂಜೆ ವಾಕಿಂಗ್ ಬರುವ ಹಿರಿಯರು ಕಾಲು ಮುರಿದುಕೊಂಡಾರು.

ಮಳೆಗೆ ದಾರಿ ಮಾಡಿಕೊಡುವುದೆಂದರೆ ಏನೆಂಬುದನ್ನು ತಿಳಿಯಲು ಚಿತ್ರದುರ್ಗದ ಕೋಟೆಗೆ ಒಮ್ಮೆ ಹೋಗಿಬರಬೇಕು. ಓಬವ್ವನ ಕಿಂಡಿಯ ಮುಂದೆ ನಿಂತು ಹಿಂತಿರುಗುವವರೇ ಹೆಚ್ಚು. ಬಂಡೆಗಳ ಇಳಿಜಾರಿನ ನೀರನ್ನು ಹಿಡಿದು, ಒಂದು ಹೊಂಡ ತುಂಬಿದ ಮೇಲೆ ಕೋಡಿಯು ಕೆಳಗಿನ ಹೊಂಡಕ್ಕೆ ಹರಿಯುವಂತೆ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡದ ಕಡೆಗೆ, ಕೊನೆಗೆ ಊರೊಳಗಿನ ಸಂತೆ ಹೊಂಡದವರೆಗೆ ಹೆಣೆದ ವ್ಯವಸ್ಥೆಯನ್ನು ನೋಡುವವರು ಕಡಿಮೆ. ಅದೇ ಯುಕ್ತಿ ನಮ್ಮ ಪಾರ್ಕಿಗೂ ಸಲ್ಲುತ್ತದೆ. ಒಂದು ಎಕರೆ ಪಾರ್ಕಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 80,000 ಲೀಟರ್ ನೀರು, ಅಂದರೆ ಹದಿನಾರು ಟ್ಯಾಂಕರ್. ಏಪ್ರಿಲ್ ಕೊನೆಯೊಳಗೆ ಪಾರ್ಕಿನ ಇಳಿಜಾರು ಯಾವ ಕಡೆಗಿದೆ ಎಂದು ಗಮನಿಸಿ, ಅದಕ್ಕೆ ಅಡ್ಡಲಾಗಿ ಒಂದಡಿ ಅಗಲ, ಒಂದಡಿ ಆಳದ ಕಾಲುವೆಗಳನ್ನು ತುಂಡು ತುಂಡಾಗಿ ತೋಡಿಸಿ, ತಗ್ಗಿನ ಮೂಲೆಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ ಮಾಡಿಸಿ. ಭರಣಿ ಮಳೆ, ಧರಣಿ ಬೆಳೆ ಎನ್ನುತ್ತಾರೆ ನಮ್ಮ ರೈತರು. ಏಪ್ರಿಲ್ ಕೊನೆಗೆ ಗುಡುಗಿನೊಂದಿಗೆ ಬೀಳುವ ಆ ಮಳೆ ಚರಂಡಿ ಸೇರದಂತೆ ನೋಡಿಕೊಂಡರೆ ಗುಂಡಿ ತೋಡಿದ್ದೂ ಸಾರ್ಥಕ.

ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಬೇಸಿಗೆ ಶಿಬಿರವೆಂದರೆ ಮಕ್ಕಳಿಗೆ ಟೋಪಿ ಕೊಟ್ಟು ಮೈಕ್‌ನಲ್ಲಿ ಭಾಷಣ ಮಾಡುವುದೆಂಬ ಅಭಿಪ್ರಾಯ ಅದೆಲ್ಲಿಂದ ಬಂತೋ ತಿಳಿಯದು. ಹತ್ತು ದಿನದ ಶಿಬಿರ ಸಾಕು. ಬೆಳಿಗ್ಗೆ ಆರೂವರೆಗೆ ಆರಂಭಿಸಿ ಒಂಬತ್ತಕ್ಕೆ ಮುಗಿಸಿಬಿಡಬೇಕು. ಆಮೇಲೆ ಕಬ್ಬಿಣದ ಜಾರುಬಂಡೆ ಕೈ ಸುಡುತ್ತದೆ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರು ದೊಡ್ಡವರು ಜೊತೆಗಿರಬೇಕು, ಪೋಷಕರ ಲಿಖಿತ ಒಪ್ಪಿಗೆಯೂ ಫೋನ್ ಸಂಖ್ಯೆಯೂ ಕೈಯಲ್ಲಿರಬೇಕು, ಅರ್ಧ ಗಂಟೆಗೊಮ್ಮೆ ನೀರು ಅಥವಾ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಸಬೇಕು. ತಲೆನೋವು, ವಾಂತಿ, ತಲೆಸುತ್ತು ಕಂಡ ಮಗುವನ್ನು ತಕ್ಷಣ ನೆರಳಿಗೆ ಕರೆದೊಯ್ದು ಒದ್ದೆಬಟ್ಟೆಯಿಂದ ಮೈ ಒರೆಸಿ. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕದೆ 108ಕ್ಕೆ ಕರೆ ಮಾಡಿ.

ಶಿಬಿರದ ಮುಖ್ಯ ಕೆಲಸವನ್ನಾಗಿ ಮರಗಣತಿಯನ್ನು ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ದಪ್ಪನೆಯ ಒಂದು ರಿಜಿಸ್ಟರ್, ದರ್ಜಿಯ ಅಳತೆಪಟ್ಟಿ, ಕೈನಕ್ಷೆ, ಇಷ್ಟಿದ್ದರೆ ಆಯಿತು. ಪ್ರತಿ ಮರಕ್ಕೆ ಒಂದು ಸಂಖ್ಯೆ ಕೊಟ್ಟು, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು, ಚಿಗುರಿದೆಯೋ, ಹೂ ಬಿಟ್ಟಿದೆಯೋ, ಗೂಡು ಇದೆಯೋ ಎಂದು ಬರೆಸಿ. ಮೊಳೆ ಹೊಡೆದು ಫಲಕ ತೂಗುಹಾಕುವುದು ಬೇಡ, ನಕ್ಷೆಯ ಮೇಲಿನ ಸಂಖ್ಯೆಯೇ ಸಾಕು. ಎರಡನೆಯ ವರ್ಷ ಅದೇ ಮಗು ಅದೇ ಮರವನ್ನು ಅಳೆದಾಗ ಆಗುವ ಸಂತೋಷವನ್ನು ಯಾವ ಬಹುಮಾನವೂ ಕೊಡಲಾರದು. ಹಕ್ಕಿಗಳ ಲೆಕ್ಕಕ್ಕೆ ಒಂದು ಬೆಳಗಿನ ಜಾವ ಕುಂದವಾಡ ಕೆರೆಯ ಏರಿಗೆ ಕರೆದೊಯ್ಯಬಹುದು. ಊರಿಗೆ ಕುಡಿಯುವ ನೀರು ಕೊಡುವ ಕೆರೆಯೆಂಬುದನ್ನು ಮೊದಲೇ ತಿಳಿಹೇಳಿ, ತಿಂಡಿಯ ಪೊಟ್ಟಣಗಳನ್ನು ಮನೆಯಲ್ಲೇ ಬಿಡಿಸಿ. ಆಟಗಳಿಗೆ ಲಗೋರಿ, ಕುಂಟೆಬಿಲ್ಲೆ, ಖೋಖೋ ಇವೆ; ಬಿಸಿಲೇರಿದ ಮೇಲೆ ನೆರಳಲ್ಲಿ ಕೂತು ಚೌಕಾಬಾರ, ಅಳಗುಳಿಮಣೆ ಆಡಿಸಲು ಬಡಾವಣೆಯ ಅಜ್ಜಿಯರನ್ನು ಕರೆಯಿರಿ. ಚಿಣ್ಣಿದಾಂಡನ್ನು ಮಾತ್ರ ಚಿಕ್ಕ ಪಾರ್ಕಿನಲ್ಲಿ ಆಡಿಸಬಾರದು, ಕಣ್ಣಿಗೆ ಅಪಾಯ. ಕೊನೆಯ ದಿನ ಮಂಡಕ್ಕಿ-ಮಿರ್ಚಿ ಇಲ್ಲದಿದ್ದರೆ ದಾವಣಗೆರೆಯ ಮಕ್ಕಳು ಅದನ್ನು ಶಿಬಿರವೆಂದೇ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಹಕ್ಕಿಗಳಿಗೆ ನೀರಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ, ಆದರೆ ಸರಿಯಾಗಿ ಕಲಿಸಿ. ಎರಡು ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆ, ನಡುವೆ ಕಾಲೂರಲು ಒಂದು ಕಲ್ಲು, ಬೆಕ್ಕು ಹೊಂಚು ಹಾಕಲಾಗದಂಥ ತೆರಪಾದ ನೆರಳು ಬೇಕು. ನೀರನ್ನು ದಿನವೂ ಬದಲಿಸಬೇಕು, ಎರಡು ದಿನಕ್ಕೊಮ್ಮೆ ತಟ್ಟೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು; ವಾರಗಟ್ಟಲೆ ಬಿಟ್ಟ ತಟ್ಟೆಯಲ್ಲಿ ಡೆಂಗಿ ಹರಡುವ ಸೊಳ್ಳೆ ಮರಿ ಮಾಡುತ್ತದೆ.

ಮೇ ತಿಂಗಳ ಬಿರುಗಾಳಿಗೆ ಮೊದಲು ಮಳೆಮರ ಮತ್ತು ಗುಲ್‌ಮೊಹರ್‌ಗಳ ಒಣಕೊಂಬೆಗಳನ್ನು ಪಾಲಿಕೆಯವರಿಂದಲೇ ತೆಗೆಸಿ. ಇದು ಕಾಗೆ, ಕೋಗಿಲೆಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಹಸಿಕೊಂಬೆಗೆ ಕೈ ಹಾಕಿಸಬೇಡಿ. ಜೋಕಾಲಿಯ ಸರಪಣಿ, ತೆರೆದ ಜಿಮ್‌ನ ಬೋಲ್ಟುಗಳನ್ನು ಇದೇ ವಾರದಲ್ಲಿ ಪರೀಕ್ಷಿಸಿಬಿಡಿ.

ಬೀಜದ ವಿಷಯ ಒಂದಿಷ್ಟು. ಹೊಂಗೆಯ ಕಾಯನ್ನು ಈಗ ಆರಿಸಿ ಒಣಗಿಸಿಟ್ಟರೆ ಹಲವು ತಿಂಗಳು ಬಾಳುತ್ತದೆ. ಬೇವಿನ ಹಣ್ಣು ಮೇ ಕೊನೆಯಿಂದ ಉದುರತೊಡಗುತ್ತದೆ, ಅದರ ಬೀಜದ ಮೊಳೆಯುವ ಶಕ್ತಿ ಎರಡು ಮೂರು ವಾರದಲ್ಲೇ ಕುಂದುವುದರಿಂದ ತಿರುಳು ತೊಳೆದು ಕೂಡಲೇ ಚೀಲಕ್ಕೆ ಹಾಕಬೇಕು. ಬೀಜದುಂಡೆ ಮಾಡಿ ಗುಡ್ಡಕ್ಕೆ ಎಸೆಯುವುದರಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಮಕ್ಕಳಿಗೆ ಮಣ್ಣು ಕಲಸುವ ಖುಷಿ ಸಿಗುತ್ತದೆ, ಮರವಾಗುವುದು ಅಪರೂಪ. ಅದೇ ಬೀಜವನ್ನು ಹಾಲಿನ ಖಾಲಿ ಪ್ಯಾಕೆಟ್ಟಿಗೆ ತೂತು ಮಾಡಿ ನೆಟ್ಟರೆ ಮುಂದಿನ ವರ್ಷಕ್ಕೆ ನಿಮ್ಮದೇ ಸಸಿ ಸಿದ್ಧ. ಈ ವರ್ಷಕ್ಕೆ ಬೇಕಾದ ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೇ ತಿಂಗಳಲ್ಲೇ ಹೇಳಿಡಿ. ಹೊಂಗೆ, ನೇರಳೆ, ಅತ್ತಿ, ಕಕ್ಕೆ, ಬೇವು ನಮ್ಮ ನೆಲಕ್ಕೆ ಒಗ್ಗಿದವು, ಒಂದೂವರೆ ಆಳೆತ್ತರದ್ದಕ್ಕಿಂತ ಎದೆಮಟ್ಟದ ಗಟ್ಟಿಕಾಂಡದ ಸಸಿ ಬೇಗ ಬೇರೂರುತ್ತದೆ.

ರೋಹಿಣಿ ಮಳೆ ನೆಲವನ್ನು ಒಂದು ಮೊಳ ನೆನೆಸಿತೇ ಎಂದು ಹಾರೆಯಿಂದ ಚುಚ್ಚಿ ನೋಡಿ. ನೆನೆದಿದ್ದರೆ, ಮೃಗಶಿರಾ ಹಿಡಿದ ಮೇಲೆ ಮೋಡ ಕವಿದ ಒಂದು ಸಂಜೆ, ತುಂಬಿಟ್ಟ ಗುಂಡಿಯ ನಡುವೆ ಪಾಕೆಟ್ಟಿನ ಅಳತೆಯಷ್ಟೇ ಬಗೆದು, ಪಾಕೆಟ್ಟನ್ನು ಬ್ಲೇಡಿನಿಂದ ಸೀಳಿ, ಬೇರಿನ ಹೆಂಟೆ ಒಡೆಯದಂತೆ ಸಸಿಯನ್ನು ಇಳಿಸಿ, ಸುತ್ತ ಮಣ್ಣನ್ನು ಕಾಲಿನಿಂದ ಅದುಮಿ. ಬುಡದಿಂದ ಒಂದು ಗೇಣು ದೂರದಲ್ಲಿ ಗಾಳಿ ಬರುವ ದಿಕ್ಕಿಗೆ ಗೂಟ ಹೊಡೆದು, ಸೆಣಬಿನ ಹುರಿಯನ್ನು ಎಂಟರ ಅಂಕಿಯಂತೆ ಸಡಿಲವಾಗಿ ಸುತ್ತಿ ಕಟ್ಟಿ, ರಿಜಿಸ್ಟರಿನಲ್ಲಿ ಆ ಗಿಡದ ಸಂಖ್ಯೆಯ ಮುಂದೆ ನೆಟ್ಟ ದಿನಾಂಕವನ್ನೂ ಅದಕ್ಕೆ ನೀರು ಹಾಕಲು ಒಪ್ಪಿಕೊಂಡ ಮನೆಯ ಸಂಖ್ಯೆಯನ್ನೂ ಬರೆದಿಡಿ.