ಬರ್ಲಿನ್‌ನಲ್ಲಿ ಭಾನುವಾರ ಮಿಕ್ಸಿ ಹಾಕಬೇಡಿ

ಬರ್ಲಿನ್‌ಗೆ ಹೊಸದಾಗಿ ಬಂದವರು ಮೊದಲು ಕೇಳುವುದು "ಏನೇನು ನೋಡಬೇಕು?" ಅಂತ. ನಾನು ಏನು ಮಾಡಬಾರದು ಅನ್ನುವುದರಿಂದ ಶುರು ಮಾಡುತ್ತೇನೆ. ಭಾನುವಾರ ಬೆಳಗ್ಗೆ ಮಿಕ್ಸಿ ಹಾಕಬೇಡಿ.

ನಾನು ಹಾಕಿದ್ದೆ. ಬಂದ ಎರಡನೇ ವಾರ, ಬೆಳಗ್ಗೆ ಏಳೂವರೆ, ಊರಿಂದ ಹೊತ್ತು ತಂದ ಮಿಕ್ಸಿ, ಕಾಯಿ ಚಟ್ನಿ. ಎರಡು ಸುತ್ತು ತಿರುಗುವಷ್ಟರಲ್ಲಿ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ, ನೈಟಿಯಲ್ಲೇ ಬಂದಿದ್ದರು. "ಝೊನ್‌ಟಾಗ್!" ಅಂದರು. ಅದು ಅವರ ಹೆಸರಿರಬೇಕು ಅಂದುಕೊಂಡು ನಾನೂ ಕೈ ಚಾಚಿ ನನ್ನ ಹೆಸರು ಹೇಳಿದೆ. ಝೊನ್‌ಟಾಗ್ ಅಂದರೆ ಭಾನುವಾರ. ಇವತ್ತಿಗೂ ಮೆಟ್ಟಿಲಲ್ಲಿ ಅವರು ಎದುರಾದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಇಲ್ಲಿ ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಉಳಿದ ದಿನಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ. ಗೋಡೆಗೆ ಮೊಳೆ ಹೊಡೆಯುವುದಿದ್ದರೆ ಶನಿವಾರವೇ ಮುಗಿಸಿ. ಭಾನುವಾರ ದಿನಸಿ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಮೊದಲ ಭಾನುವಾರ ಮನೆಯಲ್ಲಿ ಹಾಲಿಲ್ಲದೆ ಕರೀ ಕಾಫಿ ಕುಡಿದಿದ್ದೆ. ಮುಖ್ಯ ರೈಲು ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಕಾಗದಪತ್ರ: ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ಅದಕ್ಕೆ ಮೊದಲೇ 'ಟರ್ಮಿನ್' ತಗೊಳ್ಳಿ. ಟರ್ಮಿನ್ ಅಂದರೆ ಮುಂಚೆಯೇ ಗೊತ್ತುಮಾಡಿಕೊಂಡ ಹೊತ್ತು. ಈ ಪದ ನೆನಪಿಡಿ, ಇಲ್ಲಿ ಎಲ್ಲದಕ್ಕೂ ಅದೇ ಬೇಕು.

ಮೆಟ್ರೋ ನಿಲ್ದಾಣಗಳಲ್ಲಿ ಗೇಟ್ ಇಲ್ಲ. ಯಾರೂ ತಡೆಯುವುದಿಲ್ಲ. ಹಾಗಂತ ಬೀಗಬೇಡಿ. ಯಂತ್ರದಿಂದ ಪಡೆದ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನಲ್ಲಿರುವ ಪುಟ್ಟ ಡಬ್ಬದಲ್ಲಿ ಮುದ್ರೆ ಒತ್ತಿಸಬೇಕು. ನಾನು ಟಿಕೆಟ್ ಕೊಂಡಿದ್ದೆ, ಮುದ್ರೆ ಒತ್ತಿಸಿರಲಿಲ್ಲ. 60 ಯೂರೋ ದಂಡ. ಆಗಿನ್ನೂ ಎಲ್ಲವನ್ನೂ ರೂಪಾಯಿಗೆ ಗುಣಿಸುವ ಕಾಲ, ಎರಡು ರಾತ್ರಿ ನಿದ್ದೆ ಬರಲಿಲ್ಲ.

ನೋಡುವುದಕ್ಕೆ ಪ್ರವಾಸಿ ಬಸ್ಸಿಗೆ ದುಡ್ಡು ಸುರಿಯಬೇಡಿ. 100ನೇ ನಂಬರಿನ ಸಿಟಿ ಬಸ್ಸಿನಲ್ಲಿ ಮೇಲಿನ ಅಂತಸ್ತಿನ ಮುಂದಿನ ಸೀಟು ಹಿಡಿಯಿರಿ. ಝೂನಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ಅರ್ಧ ಊರು ಕಾಣುತ್ತದೆ. ಸಂಸತ್ತಿನ ಗಾಜಿನ ಗುಮ್ಮಟಕ್ಕೆ ಪ್ರವೇಶ ಉಚಿತ, ಆದರೆ ಮೊದಲೇ ಹೆಸರು ಬರೆಸಬೇಕು. ನೋಯೆಸ್ ಮ್ಯೂಸಿಯಂನಲ್ಲಿ ಈಜಿಪ್ಟಿನ ರಾಣಿ ನೆಫರ್ಟಿಟಿಯ ಪ್ರತಿಮೆ ಇದೆ. ಅವಳ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ, ಸುಮ್ನೆ ಕಣ್ಣಲ್ಲೇ ನೋಡಿ ಬನ್ನಿ. ಪೆರ್ಗಮಾನ್ ಮ್ಯೂಸಿಯಂ ದುರಸ್ತಿಗೆಂದು 2023ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಹಳೆಯ ಪಟ್ಟಿ ನಂಬಿ ಹೋಗಬೇಡಿ.

ಆದರೆ ಒಂದೇ ಜಾಗಕ್ಕೆ ಹೊತ್ತಿದೆ ಅಂದರೆ ಬೆರ್ನಾವರ್ ರಸ್ತೆಗೆ ಹೋಗಿ. 1961ರ ಆಗಸ್ಟ್ 13ರಂದು, ಅದೂ ಒಂದು ಭಾನುವಾರವೇ, ಜನ ಎದ್ದು ನೋಡುವಷ್ಟರಲ್ಲಿ ಪೂರ್ವ ಜರ್ಮನಿಯವರು ಊರಿನ ನಡುವೆ ಮುಳ್ಳುತಂತಿ ಎಳೆದಿದ್ದರು. ಬರ್ಲಿನ್ ಗೋಡೆ ಶುರುವಾದದ್ದು ಹಾಗೆ. ಈ ರಸ್ತೆಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. ಕಿಟಕಿಯಿಂದ ಹಾರಿದವರು ಇನ್ನೊಂದು ದೇಶದಲ್ಲಿ ಬೀಳುತ್ತಿದ್ದರು. ಆಮೇಲೆ ಕಿಟಕಿಗಳಿಗೂ ಇಟ್ಟಿಗೆ ಕಟ್ಟಿದರು. ನಡುವೆ ಸಿಕ್ಕಿಕೊಂಡಿದ್ದ ಚರ್ಚನ್ನು 1985ರಲ್ಲಿ ಸಿಡಿಸಿದರು. ಈಗ ಅಲ್ಲಿ ಮಣ್ಣಿನ ಗೋಡೆಯ ಪುಟ್ಟ ಪ್ರಾರ್ಥನಾ ಮಂದಿರವಿದೆ, ಪಕ್ಕದಲ್ಲಿ ರೈ ಹೊಲ. ಊರ ನಡುವೆ ಹೊಲ!

ಅಪ್ಪ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳು ಬಾಯಿಗೆ ಹಾಕಿಕೊಂಡರು. ಯಾರಾದರೂ ಬೈದಾರು ಅಂತ ನಾನು ಸುತ್ತ ನೋಡುತ್ತಿದ್ದೆ. ಉಳಿದಿರುವ ಗೋಡೆಯ ತುಂಡಿನ ಮುಂದೆ ತುಂಬಾ ಹೊತ್ತು ನಿಂತರು. ತಿಪಟೂರಿನ ಹತ್ತಿರದ ನಮ್ಮ ತೊಟ್ಟಿಮನೆಯಲ್ಲಿ ಅಪ್ಪ, ಚಿಕ್ಕಪ್ಪ ಪಾಲಾದಾಗ ತೊಟ್ಟಿಯ ನಡುವೆ ಎದ್ದ ಗೋಡೆ ನನ್ನ ವಯಸ್ಸಿನದು. "ಇವರು ಒಡೆದು ಹಾಕಿದ್ರು ಕಣೋ" ಅಂದರು ಅಪ್ಪ. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ತಿನ್ನುವ ವಿಷಯದಲ್ಲಿ ನನ್ನ ದೊಡ್ಡ ತಪ್ಪು 'ಗೆಮ್ಯೂಝೆ ಕೆಬಾಪ್'. ಗೆಮ್ಯೂಝೆ ಅಂದರೆ ತರಕಾರಿ. ಅಷ್ಟು ಜರ್ಮನ್ ಕಲಿತ ಜಂಬದಲ್ಲಿ ಹೆಂಡತಿಗೆ ಕೊಡಿಸಿದೆ. ಅವಳು ಮೊಟ್ಟೆಯನ್ನೂ ಮುಟ್ಟದವಳು. ಅದರಲ್ಲಿ ಹುರಿದ ತರಕಾರಿಯ ಜೊತೆ ಕೋಳಿಯೂ ಇರುತ್ತದೆ. ಆಮೇಲೆ ನಡೆದದ್ದು ಇಲ್ಲಿ ಬೇಡ. ಸಸ್ಯಾಹಾರಿಗಳು ಫಲಾಫೆಲ್ (ಕಡಲೆಯ ವಡೆ) ಅಥವಾ ಹಲ್ಲೂಮಿ (ಒಂದು ಬಗೆಯ ಚೀಸ್) ಅಂತ ಬಾಯಿಬಿಟ್ಟು ಕೇಳಿ. ಮಾಂಸ ತಿನ್ನುವವರಿಗೆ ಡೋನರ್, ಅಂದರೆ ರೊಟ್ಟಿಯೊಳಗೆ ತೆಳುವಾಗಿ ಹೆರೆದ ಮಾಂಸ, ಸಾಕು. ಕರಿವುರ್ಸ್ಟ್ ಅಂದರೆ ಹಂದಿ ಸಾಸೇಜಿಗೆ ಕೆಚಪ್ ಮತ್ತು ಕರಿ ಪುಡಿ, ನಮ್ಮ ನಾಲಿಗೆಗೆ ಜಾಸ್ತಿ ಏನೂ ಹೇಳುವುದಿಲ್ಲ. ಮಂಗಳವಾರ, ಶುಕ್ರವಾರ ಮೈಬಾಖ್ ದಂಡೆಯ ಟರ್ಕಿ ಸಂತೆಗೆ ಹೋಗಿ. ಬದನೆ, ಬೆಂಡೆ, ಕಟ್ಟುಗಟ್ಟಲೆ ಕೊತ್ತಂಬರಿ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಕೂಗಿ ಕೂಗಿ ಅಗ್ಗಕ್ಕೆ ಕೊಡುತ್ತಾರೆ. ಇಡೀ ಊರಿನಲ್ಲಿ ನನಗೆ ನಮ್ಮ ಸಂತೆ ನೆನಪಾಗುವುದು ಅಲ್ಲೊಂದೇ.

ಭಾನುವಾರ ಟೆಂಪಲ್‌ಹೋಫ್‌ಗೆ ಹೋಗಿ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣವನ್ನು 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ಅಲ್ಲಿ ಮನೆ ಕಟ್ಟಬೇಡಿ ಅಂತ 2014ರಲ್ಲಿ ಬರ್ಲಿನ್‌ನವರು ಮತ ಹಾಕಿದರು. ರನ್‌ವೇ ಮೇಲೆ ಮಕ್ಕಳು ಸೈಕಲ್ ಕಲಿಯುತ್ತಾರೆ, ಗಾಳಿಪಟ ಬಿಡುತ್ತಾರೆ. ಹತ್ತಿರದ ಹಾಸೆನ್‌ಹೈಡೆ ಉದ್ಯಾನದ ಅಂಚಿನಲ್ಲಿ ಗಣೇಶನ ಗುಡಿ ಇದೆ, ಹಾಗೇ ಕೈ ಮುಗಿದು ಬರಬಹುದು. ಬೇಸಿಗೆಯಾದರೆ ವಾನ್‌ಸೇ ಕೆರೆಯಿಂದ ಕ್ಲಾಡೋಗೆ ದೋಣಿ. ಸಿಟಿ ಬಸ್ಸಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ಮುದ್ರೆ ಒತ್ತಿಸಿ.

ಮಗಳು ಇಲ್ಲೇ ಹುಟ್ಟಿದವಳು. ನಾನು ಫೋನಿನಲ್ಲಿ ಊರಿನವರ ಜೊತೆ ಕೂಗಿ ಮಾತಾಡಿದರೆ "ಅಪ್ಪಾ, ಝೊನ್‌ಟಾಗ್" ಅನ್ನುತ್ತಾಳೆ. ಅವಳ ಗೆಳತಿ ಆಡಲು ಬರುವುದಕ್ಕೆ ಮೂರು ವಾರ ಮೊದಲೇ ದಿನ ಗೊತ್ತಾಗಿರುತ್ತದೆ. ಊರಲ್ಲಿ ಭಾನುವಾರ ಅಂದರೆ ಹೇಳದೆ ಕೇಳದೆ ಯಾರೋ ಬಂದಿಳಿಯುತ್ತಿದ್ದರು. ಅವ್ವ ಗೊಣಗುತ್ತಲೇ ದೋಸೆ ಹಿಟ್ಟಿಗೆ ಇನ್ನಷ್ಟು ಅಕ್ಕಿಹಿಟ್ಟು ಕಲಸುತ್ತಿದ್ದಳು. ಇಲ್ಲಿ ಇಷ್ಟು ವರ್ಷದಲ್ಲಿ ಭಾನುವಾರ ನಮ್ಮ ಮನೆ ಬೆಲ್ ಹೊಡೆದದ್ದು ಆ ಅಜ್ಜಿ ಮಾತ್ರ.

ನೀವು ಬನ್ನಿ. ಹೇಳದೆಯೇ ಬನ್ನಿ. ಬಾಗಿಲು ತೆರೆದ ಹುಡುಗಿ "ಟರ್ಮಿನ್ ಇದೆಯಾ?" ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ದೋಸೆ ಬಿಸಿ ಇರುತ್ತದೆ. ಚಟ್ನಿ ಮಾತ್ರ ಶನಿವಾರದ್ದು.