ಉಳಿದದ್ದು ಎರಡೇ ಸೆಕೆಂಡು

‘ಜಸ್ಟ್ ಎ ಮಿನಿಟ್’ ಅನ್ನೋ ರೇಡಿಯೊ ಆಟದ ಕಳೆದ ವಾರದ ಎಪಿಸೋಡ್ ಬಗ್ಗೆ ನಮ್ಮ ಗುಂಪಿನಲ್ಲಿ ಶುರುವಾದ ವಾದ ಇನ್ನೂ ತಣ್ಣಗಾಗಿಲ್ಲ. ಆಗಿದ್ದು ಇಷ್ಟೇ. ಒಬ್ಬ ಸ್ಪರ್ಧಿ 58 ಸೆಕೆಂಡು ಎಲ್ಲೂ ನಿಲ್ಲದೆ ಮಾತಾಡಿದರು. ಸಭಾಂಗಣದಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು. ಇನ್ನೇನು ನಿಮಿಷ ಮುಗಿದು ಸೀಟಿ ಊದಬೇಕು, ಅಷ್ಟರಲ್ಲಿ ಪಕ್ಕದವರು ಬಜರ್ ಒತ್ತಿಬಿಟ್ಟರು. ಒಂದು ಪದ ಎರಡು ಸಲ ಬಂತು ಅನ್ನೋದು ಅವರ ಆಕ್ಷೇಪ. ಆಕ್ಷೇಪ ನಿಜ. ಹಾಗಾಗಿ ಉಳಿದ 2 ಸೆಕೆಂಡು ಬಜರ್ ಒತ್ತಿದವರ ಪಾಲಾಯಿತು. ಸೀಟಿ ಊದುವಾಗ ಮಾತಾಡುತ್ತಿದ್ದವರಿಗೆ ಸಿಗುವ ಅಂಕವೂ ಅವರಿಗೇ ಹೋಯಿತು.

ನಮ್ಮಲ್ಲಿ ಅರ್ಧ ಜನ ‘ನಿಯಮ ಅಂದಮೇಲೆ ನಿಯಮ’ ಅಂದರು. ಉಳಿದವರು ‘ಅಷ್ಟು ಚೆನ್ನಾಗಿ ಕಟ್ಟಿದ್ದನ್ನು ಕೆಡವಿಬಿಟ್ಟರಲ್ಲ’ ಅಂತ ಬೇಜಾರು ಮಾಡಿಕೊಂಡರು.

ಇದು ಬಿಬಿಸಿ ರೇಡಿಯೊ 4ರ ‘ಜಸ್ಟ್ ಎ ಮಿನಿಟ್’. ಆಟ ಕೇಳೋಕೆ ಬಹಳ ಸುಲಭ. ಕೊಟ್ಟ ವಿಷಯದ ಮೇಲೆ ಒಂದು ನಿಮಿಷ ಮಾತಾಡಬೇಕು. ತಡವರಿಸಬಾರದು, ಹೇಳಿದ ಪದವನ್ನೇ ಮತ್ತೆ ಹೇಳಬಾರದು, ವಿಷಯ ಬಿಟ್ಟು ಆಚೆ ಹೋಗಬಾರದು. ಉಳಿದ ಮೂವರು ಬಜರ್ ಹಿಡಿದು ಕಾಯುತ್ತಿರುತ್ತಾರೆ. ಆಕ್ಷೇಪ ಸರಿ ಅಂತ ಕಾರ್ಯಕ್ರಮ ನಡೆಸಿಕೊಡುವ ಅಧ್ಯಕ್ಷರು ತೀರ್ಪು ಕೊಟ್ಟರೆ ಒತ್ತಿದವರಿಗೆ ಒಂದು ಅಂಕ, ಜೊತೆಗೆ ಉಳಿದ ಸಮಯ. ತಪ್ಪಾಗಿದ್ದರೆ ಮಾತಾಡುತ್ತಿದ್ದವರಿಗೇ ಅಂಕ. ಮೊದಲ ಪ್ರಸಾರ 1967ರ ಡಿಸೆಂಬರ್ 22ರಂದು. ರೇಡಿಯೊ 4 ಅನ್ನೋ ಹೆಸರು ಹುಟ್ಟಿ ಆಗ ಮೂರು ತಿಂಗಳೂ ತುಂಬಿರಲಿಲ್ಲ.

ಇದರ ಹುಟ್ಟಿನ ಕಥೆ ನನಗೆ ತುಂಬ ಇಷ್ಟ. ಈ ಆಟ ರೂಪಿಸಿದ ಇಯಾನ್ ಮೆಸಿಟರ್ ಶಾಲೆಯಲ್ಲಿದ್ದಾಗ ಒಂದಿನ ಪಾಠ ಕೇಳದೆ ಎಲ್ಲೋ ನೋಡುತ್ತ ಕೂತಿದ್ದರಂತೆ. ಅದನ್ನು ಕಂಡ ಮೇಷ್ಟ್ರು, ತಾವು ಹಿಂದಿನ ಒಂದು ನಿಮಿಷದಲ್ಲಿ ಹೇಳಿದ್ದನ್ನೆಲ್ಲ ತಡವರಿಸದೆ, ಹೇಳಿದ್ದನ್ನೇ ಹೇಳದೆ ಒಪ್ಪಿಸು ಅಂದರು. ಎಷ್ಟೋ ವರ್ಷದ ಮೇಲೆ ಲಂಡನ್ನಿನಲ್ಲಿ ಬಸ್ಸಿನ ಮೇಲಂತಸ್ತಿನಲ್ಲಿ ಕೂತಿದ್ದಾಗ ಅವರಿಗೆ ಅದು ನೆನಪಾಯಿತು. ವಿಷಯ ಬಿಟ್ಟು ಹೋಗಬಾರದು ಅನ್ನೋ ನಿಯಮವನ್ನೂ ಸೇರಿಸಿ ಆಟ ಮಾಡಿದರು. ತರಗತಿಯಲ್ಲಿ ಸಿಕ್ಕ ಶಿಕ್ಷೆಯೊಂದು ಅರ್ಧ ಶತಮಾನಕ್ಕೂ ಮಿಕ್ಕಿ ಜನರನ್ನು ನಗಿಸುತ್ತಿದೆ.

ನಾನು ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ಕಿವಿ ಪಳಗಲಿ ಅಂತ ರೇಡಿಯೊ ಹಾಕಿಕೊಳ್ಳುತ್ತಿದ್ದೆ. ಈ ಕಾರ್ಯಕ್ರಮಕ್ಕೆ ಮಾತ್ರ ಕೈಕೆಲಸ ನಿಲ್ಲಿಸಿ ಕೂರುವಂತಾಯಿತು. ಆಮೇಲೆ ಇದನ್ನೇ ಇಷ್ಟಪಡುವ ಐದು ಜನ ಸಿಕ್ಕರು. ಹೊಸ ಎಪಿಸೋಡ್‌ಗಳು ಬರುವ ವಾರಗಳಲ್ಲಿ ಆರೂ ಜನ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಸೇರುತ್ತೇವೆ. ಒಂದು ಗಂಟೆ ಅಂತ ಶುರು ಮಾಡಿದ್ದು ಎರಡು ಗಂಟೆಗೆ ಮುಗಿದರೆ ಹೆಚ್ಚು.

ಮೊದಲ ಕೆಲವು ತಿಂಗಳು ನನ್ನ ವಾದಕ್ಕೆ ಬುಡವೇ ಇರಲಿಲ್ಲ. ಒಂದ್ಸಲ ‘ಅಧ್ಯಕ್ಷರು ಅನ್ಯಾಯ ಮಾಡಿದರು, ಆ ಪದ ಎರಡನೇ ಸಲ ಬಂದೇ ಇಲ್ಲ’ ಅಂತ ಅರ್ಧ ಗಂಟೆ ವಾದಿಸಿದೆ. ಮನೆಗೆ ಬಂದು ಮತ್ತೆ ಹಾಕಿ ಕೇಳಿದರೆ ಎರಡಲ್ಲ, ಮೂರು ಸಲ ಬಂದಿತ್ತು. ನಗುತ್ತ ಕೇಳಿದ್ದರಲ್ಲಿ ನಗು ನೆನಪಿರುತ್ತದೆ, ಪದ ನೆನಪಿರೋದಿಲ್ಲ. ಮುಂದಿನ ಸಲ ಸೇರಿದಾಗ ನನ್ನದೇ ತಪ್ಪು ಅಂತ ಹೇಳಿದೆ. ಅವತ್ತಿನಿಂದ ಕೇಳುವ ರೀತಿಯನ್ನೇ ಬದಲಾಯಿಸಿಕೊಂಡೆ.

ಈಗ ಸೋಮವಾರ ಸಂಜೆ 6:30ರ ಪ್ರಸಾರವನ್ನು ಸುಮ್ನೆ ಕೇಳುತ್ತೇನೆ. ಪೆನ್ನು ಮುಟ್ಟೋದಿಲ್ಲ. ಇದು ನಗೋಕೆ ಅಂತ ಮಾಡಿದ ಕಾರ್ಯಕ್ರಮ, ಮೊದಲ ಸಲವಾದರೂ ಅದಕ್ಕೆ ನಗು ಸಲ್ಲಬೇಕು. ಎರಡನೇ ಸಲ ಕೇಳುವಾಗ ಪಕ್ಕದಲ್ಲಿ ಸ್ಟಾಪ್‌ವಾಚ್, ಮುಂದೆ ಗೆರೆ ಎಳೆದ ಹಾಳೆ. ಬಜರ್ ಬಿದ್ದಾಗಲೆಲ್ಲ ನಾಲ್ಕು ವಿಷಯ ಬರೆಯುತ್ತೇನೆ: ಎಷ್ಟನೇ ಸೆಕೆಂಡು, ಯಾರು ಒತ್ತಿದರು, ಯಾವ ತಪ್ಪು ಅಂದರು, ತೀರ್ಪು ಏನಾಯಿತು. ಐದನೇ ಕಲಂ ಆಮೇಲೆ ಸೇರಿಸಿದ್ದು. ಬಜರ್ ಬೀಳುವ ಮುಂಚೆ ಜನ ನಗುತ್ತಿದ್ದರಾ, ಸುಮ್ಮನಿದ್ದರಾ ಅನ್ನೋದು ಅದರಲ್ಲಿರುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಈ ಐದನೇ ಕಲಮೇ. ಆಕ್ಷೇಪ ಸರಿ ಇತ್ತಾ ಅನ್ನೋದು ಒಂದು ಪ್ರಶ್ನೆ. ಆ ಹೊತ್ತಿಗೆ ಅದು ಬೇಕಿತ್ತಾ ಅನ್ನೋದು ಇನ್ನೊಂದು. ನಮ್ಮ ಗುಂಪಿನ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಕಲಸಿಕೊಂಡಿದ್ದರಿಂದ ಆಗಿದ್ದವು. ಒಬ್ಬರು ನಿಯಮದ ಬಗ್ಗೆ ಮಾತಾಡುತ್ತಿದ್ದರೆ ಇನ್ನೊಬ್ಬರು ನಗುವಿನ ಬಗ್ಗೆ ಉತ್ತರ ಕೊಡುತ್ತಿದ್ದರು. ಈಗ ಯಾರಾದರೂ ‘ಆ ಆಕ್ಷೇಪ ತಪ್ಪು’ ಅಂದ ಕೂಡಲೇ ನಾನು ಕೇಳೋದು ಒಂದೇ, ಯಾವ ಲೆಕ್ಕದಲ್ಲಿ ತಪ್ಪು ಅಂತ.

ನಿಯಮದ ಲೆಕ್ಕವೂ ನೇರವಾಗಿಲ್ಲ. ಕಾರ್ಡಿನಲ್ಲಿ ಬರೆದಿರುವ ವಿಷಯದ ಪದಗಳನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ‘ಆ್ಯಂಡ್’, ‘ದ’ ಥರದ ಸಣ್ಣ ಪದಗಳನ್ನು ಸಾಮಾನ್ಯವಾಗಿ ಯಾರೂ ಹಿಡಿಯೋದಿಲ್ಲ. ಆದರೆ ‘ಬಿಬಿಸಿ’ ಅಂದವರ ಮೇಲೆ ‘ಬಿ’ ಎರಡು ಸಲ ಬಂತು ಅಂತ ಬಜರ್ ಒತ್ತಿದ್ದುಂಟು. ಇನ್ನು ನಿಯಮಕ್ಕೆ ಹೊಂದದಿದ್ದರೂ ತಮಾಷೆಯಾಗಿರುವ ಆಕ್ಷೇಪಕ್ಕೆ ಬೋನಸ್ ಅಂಕ ಕೊಡುವ ರೂಢಿ ಇದೆ. ಅಂದರೆ ನಗುವಿಗೂ ಜಾಗ ಇರಲಿ ಅಂತ ಆಟದೊಳಗೇ ವ್ಯವಸ್ಥೆ ಮಾಡಿಟ್ಟಿದ್ದಾರೆ. ಬರೀ ನಿಯಮ ನೋಡಿ ತೀರ್ಪು ಕೊಡುವವರು ಇದನ್ನು ಮರೆಯುತ್ತಾರೆ ಅನ್ನೋದು ನನ್ನ ತಕರಾರು.

ನಿಕೋಲಸ್ ಪಾರ್ಸನ್ಸ್ ಇದನ್ನು ಚೆನ್ನಾಗಿ ಅರಿತಿದ್ದರು. ಮೊದಲ ಎಪಿಸೋಡಿನಿಂದ ಅಧ್ಯಕ್ಷರಾಗಿ 50 ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಟ್ಟರು. 2020ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ತೀರ್ಪು ಕಷ್ಟ ಅನ್ನಿಸಿದಾಗ ಮಾತಾಡುತ್ತಿದ್ದವರಿಗೆ ಸಂಶಯದ ಲಾಭ ಕೊಡುತ್ತಿದ್ದರು. ಕೆಲವೊಮ್ಮೆ ಸಭಿಕರನ್ನೇ ಕೇಳುತ್ತಿದ್ದರು, ಒಪ್ಪುವವರು ಹೋ ಅನ್ನಿ, ಒಪ್ಪದವರು ಬೂ ಅನ್ನಿ ಅಂತ. ನಾವೂ ಕೋಣೆಯಲ್ಲಿ ಇದನ್ನೇ ಮಾಡುತ್ತೇವೆ. ಗ್ರಂಥಾಲಯ ಅಲ್ವಾ, ಹಾಗಾಗಿ ಕೂಗೋ ಬದಲು ಕೈ ಎತ್ತುತ್ತೇವೆ.

2021ರಿಂದ ಸೂ ಪರ್ಕಿನ್ಸ್ ನಡೆಸಿಕೊಡುತ್ತಿದ್ದಾರೆ. ನಮ್ಮ ಗುಂಪಿನ ಹಿರಿಯರೊಬ್ಬರು ಪ್ರತಿ ಎಪಿಸೋಡ್ ಮುಗಿದ ಮೇಲೂ ‘ಆಗಿನ ಕಾಲದ ಥರ ಇಲ್ಲ’ ಅನ್ನುತ್ತಿದ್ದರು. ಅವರು ಹಳೆಯ ಸ್ಪರ್ಧಿ ಕೆನೆತ್ ವಿಲಿಯಮ್ಸ್ ಕಾಲದಿಂದ ಕೇಳುತ್ತ ಬಂದವರು. ವಿಲಿಯಮ್ಸ್ ಸ್ವರಗಳನ್ನು ರಬ್ಬರಿನ ಹಾಗೆ ಎಳೆಯುತ್ತಿದ್ದರು, ತೀರ್ಪು ವಿರುದ್ಧ ಬಂದರೆ ರೇಗಿ ಕೂಗಾಡುತ್ತಿದ್ದರು, ಜನ ಅದಕ್ಕೇ ಕಾಯುತ್ತಿದ್ದರು. ಇನ್ನೊಬ್ಬ ಸ್ಪರ್ಧಿ ಕ್ಲೆಮೆಂಟ್ ಫ್ರಾಯ್ಡ್ ಸಾಮಾನಿನ ಪಟ್ಟಿ ಓದಿದ ಹಾಗೆ ಒಂದಾದ ಮೇಲೊಂದು ಹೆಸರು ಜೋಡಿಸಿ ನಿಮಿಷ ತುಂಬಿಸುತ್ತಿದ್ದರು. ಕೊನೇ ಸೆಕೆಂಡುಗಳಲ್ಲಿ ಬಜರ್ ಒತ್ತೋದರಲ್ಲೂ ಅವರು ಹೆಸರಾದವರು. ಪಾಲ್ ಮರ್ಟನ್ 1989ರಲ್ಲಿ ಸ್ಪರ್ಧಿಯಾಗಿ ಬಂದ ಮೇಲೆ ಆಟದ ನಡೆಯೇ ಬೇರೆಯಾಯಿತು. ಅವರ ಮಾತು ಮಾಮೂಲಿ ವಾಕ್ಯದಲ್ಲಿ ಶುರುವಾಗಿ ಎಲ್ಲೆಲ್ಲಿಗೋ ಹೋಗಿ ಮುಟ್ಟುತ್ತದೆ.

ಹಿರಿಯರ ಮಾತಿಗೆ ಬಾಯಲ್ಲಿ ಉತ್ತರ ಕೊಡೋಕೆ ನನಗೆ ಇಷ್ಟವಿರಲಿಲ್ಲ. ಒಂದು ಭಾನುವಾರ ಹಳೆಯ ಎಪಿಸೋಡ್ ಒಂದನ್ನು ಮೊದಲಿಂದ ಕೊನೆವರೆಗೆ ಎಲ್ಲರೂ ಕೂತು ಕೇಳೋಣ, ಅದೇ ಐದು ಕಲಮಿನ ಹಾಳೆ ಹಿಡಿದು ಅಂತ ಕೇಳಿಕೊಂಡೆ. ಕೇಳಿದೆವು. ಮಧ್ಯೆ ಹತ್ತು ನಿಮಿಷ ಸಪ್ಪೆಯಾಗಿತ್ತು. ಹಿರಿಯರೇ ಅದನ್ನು ಗುರುತು ಹಾಕಿಕೊಂಡಿದ್ದರು. ನೆನಪಿನಲ್ಲಿ ಉಳಿಯೋದು ಒಳ್ಳೆಯ ತುಣುಕುಗಳು ಮಾತ್ರ, ಅವನ್ನು ಈ ವಾರದ ಪೂರ್ತಿ ಅರ್ಧ ಗಂಟೆಯ ಎದುರು ಇಟ್ಟು ತೂಗಿದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಅವರು ಈಗಲೂ ಹಳೆಯದೇ ಮೇಲು ಅನ್ನುತ್ತಾರೆ. ಆದರೆ ಯಾವ ಎಪಿಸೋಡ್, ಎಲ್ಲಿ, ಯಾಕೆ ಅಂತ ಹೇಳುತ್ತಾರೆ. ಅವರ ಹತ್ತಿರ ವಾದ ಮಾಡೋದು ಈಗ ನಿಜಕ್ಕೂ ಖುಷಿ.

ಒಮ್ಮೆ ಲಂಡನ್ನಿನ ಬಿಬಿಸಿ ರೇಡಿಯೊ ಥಿಯೇಟರಿನಲ್ಲಿ ಧ್ವನಿಮುದ್ರಣ ನೋಡುವ ಅವಕಾಶ ಸಿಕ್ಕಿತು. ಟಿಕೆಟ್‌ಗೆ ದುಡ್ಡಿಲ್ಲ, ಮೊದಲೇ ಹೆಸರು ಕೊಟ್ಟಿರಬೇಕು. ಒಂದೇ ಸಂಜೆ ಎರಡು ಎಪಿಸೋಡ್ ಮುಗಿಸಿದರು. ಅಲ್ಲಿ ಕೂತಾಗ ನನ್ನ ಎಷ್ಟೋ ಹಳೆಯ ವಾದಗಳು ಕಳಚಿ ಬಿದ್ದವು. ರೇಡಿಯೊದಲ್ಲಿ ‘ಇಲ್ಲಿ ಜನ ಯಾಕೆ ನಕ್ಕರು, ನಗು ಆಮೇಲೆ ಸೇರಿಸಿದ್ದಿರಬೇಕು’ ಅಂತ ನಾವು ಅನುಮಾನ ಪಟ್ಟಿದ್ದುಂಟು. ಅಲ್ಲಿ ನೋಡಿದರೆ ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರ ಕೈ ಬಜರಿನ ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಜನ ನಗುತ್ತಿದ್ದದ್ದು ಆ ಕೈ ನೋಡಿ. ಮನೆಯಲ್ಲಿ ಕೇಳುವವರಿಗೆ ಕೈ ಕಾಣೋದಿಲ್ಲ, ನಗು ಮಾತ್ರ ಕೇಳುತ್ತದೆ. ಪ್ರಸಾರವಾದಾಗ ಕೇಳಿದೆ, ನಾನು ನೋಡಿದ ಕೆಲವು ಮಾತುಗಳು ಅದರಲ್ಲಿ ಇರಲಿಲ್ಲ. ಅರ್ಧ ಗಂಟೆಗೆ ಹೊಂದಿಸಬೇಕಲ್ಲ. ಹಾಗಾಗಿ ‘ಇವರಿಗೆ ಈ ಸಲ ಮಾತಾಡೋಕೇ ಬಿಡಲಿಲ್ಲ’ ಅಂತ ಯಾರಾದರೂ ಅಂದರೆ, ನಾವು ಕೇಳುತ್ತಿರೋದು ಕತ್ತರಿಸಿ ಜೋಡಿಸಿದ್ದು ಅಂತ ನೆನಪಿಸುತ್ತೇನೆ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಇತ್ತು. ನಾವು ಯಾರೂ ಆಡಿ ನೋಡಿರಲಿಲ್ಲ. ಮನೆಗೆ ಅಕ್ಕ ಬಂದಿದ್ದಾಗ ಕನ್ನಡದಲ್ಲೇ ಆಡೋಣ ಅಂದೆ. ವಿಷಯ ‘ಛತ್ರಿ’. ಅಕ್ಕ ಚೆನ್ನಾಗಿಯೇ ಶುರು ಮಾಡಿದಳು. 20ನೇ ಸೆಕೆಂಡಿಗೆ ನಾನು ಮೇಜು ಬಡಿದೆ.

‘ಅಕ್ಕಾ, ಮಳೆ ಎರಡು ಸಲ ಬಂತು.’

‘ಎಲ್ಲಿ ಬಂತೇ? ಒಂದ್ಸಲ ಮಳೆಗೆ ಅಂದೆ, ಇನ್ನೊಂದ್ಸಲ ಮಳೆಯಲ್ಲಿ ಅಂದೆ. ಬೇರೆ ಬೇರೆ ಪದ ಅಲ್ವಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲಿಷಿನಲ್ಲಿ ಮುಂದೆ ಒಂದು ಸಣ್ಣ ಪದ ಬರುತ್ತದೆ, ‘ರೇನ್’ ಹಾಗೇ ಉಳಿಯುತ್ತದೆ, ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಬಾಲ ಬದಲಾದರೆ ಪದದ ಮುಖವೇ ಬದಲಾಗುತ್ತದೆ. ಕಾರ್ಯಕ್ರಮದಲ್ಲಿ ಏಕವಚನ, ಬಹುವಚನ ಬೇರೆ ಬೇರೆ ಅಂತ ಬಿಡುತ್ತಾರೆ. ಅದೇ ನ್ಯಾಯ ಹಿಡಿದರೆ ಅಕ್ಕನದು ಸರಿ. ಆದರೆ ಹಾಗೆ ಬಿಟ್ಟರೆ ಕನ್ನಡದಲ್ಲಿ ಯಾರೂ ಸೋಲೋದೇ ಇಲ್ಲ. ಕೊನೆಗೆ ವಿಭಕ್ತಿ ಏನೇ ಇರಲಿ, ಮೂಲ ಪದ ಒಂದೇ ಆದರೆ ತಪ್ಪು ಅಂತ ಮಾಡಿಕೊಂಡೆವು. ಹನಿ ಹನಿಯಾಗಿ, ಬೇಗ ಬೇಗ ಅನ್ನೋ ಜೋಡಿಗಳು ಕನ್ನಡದ ಉಸಿರು, ಅವನ್ನು ಕಿತ್ತರೆ ಮಾತು ಮಾತಿನ ಹಾಗೆ ಕೇಳೋದಿಲ್ಲ. ಜೋಡಿ ಒಂದ್ಸಲ ಬಂದರೆ ಸರಿ, ಅದೇ ಜೋಡಿ ಮತ್ತೆ ಬಂದರೆ ಬಜರ್. ‘ಅಂತ’, ‘ಅಂದ್ರೆ’, ‘ಇತ್ತು’ ಮೂರಕ್ಕೂ ಪೂರ್ತಿ ಮಾಫಿ. ‘ಅಂತ’ ಇಲ್ಲದೆ ಒಂದು ನಿಮಿಷ ಕನ್ನಡ ಮಾತಾಡಿ ನೋಡಿ, ಗೊತ್ತಾಗುತ್ತದೆ.

ನನ್ನ ಸರದಿ ಬಂದಾಗ 60 ಸೆಕೆಂಡು ಎಷ್ಟು ಉದ್ದ ಅಂತ ತಿಳಿಯಿತು. ಸುಮಾರು 15 ಸೆಕೆಂಡು ಮಾತು ತಾನಾಗಿ ಬರುತ್ತದೆ. ಆಮೇಲೆ ಪ್ರತಿ ಪದ ಬಾಯಿಗೆ ಬರುವ ಮುಂಚೆ, ಇದನ್ನು ಹೇಳಿಬಿಟ್ಟಿದ್ದೀನಾ ಅಂತ ಒಳಗೊಂದು ತಪಾಸಣೆ ನಡೆಯುತ್ತಿರುತ್ತದೆ. ಆ ತಪಾಸಣೆಗೆ ಹಿಡಿಯುವ ಹೊತ್ತೇ ತಡವರಿಕೆ. ನಾನು 34ನೇ ಸೆಕೆಂಡಿಗೆ ನಿಂತೆ. ಯಾರೂ ಬಜರ್ ಒತ್ತಬೇಕಾಗೇ ಇರಲಿಲ್ಲ, ಮಾತೇ ಮುಗಿದಿತ್ತು. ಆ ಸ್ಪರ್ಧಿಯ 58 ಸೆಕೆಂಡು ಎಂಥದ್ದು ಅಂತ ನನಗೆ ಅರ್ಥವಾಗಿದ್ದು ಈ ಆಟದಿಂದಲೇ.

ಹಾಗಾಗಿ ಕಳೆದ ವಾರದ ಎರಡು ಸೆಕೆಂಡಿನ ವಿಷಯದಲ್ಲಿ ನಾನು ಮೊದಲು ‘ಕೆಡವಿಬಿಟ್ಟರು’ ಅನ್ನುವವರ ಕಡೆ ಇದ್ದೆ. ತಪ್ಪನ್ನು ಮೊದಲೇ ಕೇಳಿಸಿಕೊಂಡು, ಕೊನೇವರೆಗೆ ಕಾದು ಒತ್ತಿದ್ದಾರೆ ಅಂತ ನನಗೆ ಸಿಟ್ಟು. ಎರಡನೇ ಸಲ ಸ್ಟಾಪ್‌ವಾಚ್ ಹಿಡಿದು ಕೇಳಿದೆ. ಆ ಪದ ಮೊದಲು ಬಂದಿದ್ದು 9ನೇ ಸೆಕೆಂಡಿನಲ್ಲಿ. ಎರಡನೇ ಸಲ ಬಂದಿದ್ದು 57ರಲ್ಲಿ. ಬಜರ್ 58ಕ್ಕೆ. ಕಾದು ಕೂತಿರಲಿಲ್ಲ, ಕಿವಿಗೆ ಬಿದ್ದ ಕೂಡಲೇ ಒತ್ತಿದ್ದರು. 9ನೇ ಸೆಕೆಂಡಿನಲ್ಲಿ ಬಂದ ಒಂದು ಸಣ್ಣ ಪದವನ್ನು, ಅಷ್ಟು ನಗುವಿನ ನಡುವೆ, 48 ಸೆಕೆಂಡು ತಲೆಯಲ್ಲಿ ಇಟ್ಟುಕೊಂಡಿದ್ದರಲ್ಲ, ಅದೂ ಒಂದು ವಿದ್ಯೆಯೇ.

ಈ ಭಾನುವಾರ ಹಾಳೆಯನ್ನು ಮೇಜಿನ ಮೇಲಿಟ್ಟು ಇದನ್ನೇ ಹೇಳಿದೆ. ಗುಂಪಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ, ‘ಕೆಡವಿದರು’ ಅನ್ನೋ ಮಾತು ಅವರದೇ. ಆ ತುಣುಕನ್ನು ಇನ್ನೊಮ್ಮೆ ಹಾಕಿ ಅಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. 9ನೇ ಸೆಕೆಂಡಿಗೆ ಒಂದು ಬೆರಳು ಎತ್ತಿದರು, 57ಕ್ಕೆ ಎರಡನೇ ಬೆರಳು.

‘ಹಿಡಿದದ್ದು ಸರಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದರೂ ನಾನಾಗಿದ್ದರೆ ಒತ್ತುತ್ತಿರಲಿಲ್ಲ’ ಅಂತ ಸೇರಿಸಿದರು.

ಕೈ ಎತ್ತಿಸಿದೆವು. ಒತ್ತಬೇಕಿತ್ತು ಅನ್ನುವವರು ಮೂರು, ಬೇಡವಿತ್ತು ಅನ್ನುವವರು ಮೂರು. ಹಾಳೆಯ ಕೆಳಗೆ ಎರಡನ್ನೂ ಬರೆದು, ಮುಂದಿನ ವಾರಕ್ಕೆ ಹೊಸ ಹಾಳೆಗೆ ಗೆರೆ ಎಳೆದೆ.