ಅಡ್ಮಿನ್ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ್ದು

ನಮ್ಮೂರ ಗ್ರಂಥಾಲಯ ಬಳಗದ ವೆಬ್‌ಸೈಟ್ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುತ್ತದೆ. ಅದನ್ನು ನೋಡಿಕೊಳ್ಳುವವನು ನಾನು. ಒಂದು ರಾತ್ರಿ ಸೈಟ್ ತೆರೆಯಲು ತುಂಬಾ ಹೊತ್ತು ಹಿಡಿಯಿತು. ಸೈಟಿಗೆ ಬರುವ ಪ್ರತಿ ಕೋರಿಕೆ ದಾಖಲಾಗುವ ಸರ್ವರ್ ಲಾಗ್ ತೆಗೆದೆ. ಡಬ್ಲ್ಯೂಪಿ-ಲಾಗಿನ್ ಫೈಲಿಗೆ ಒಂದರ ಹಿಂದೊಂದು ಪೋಸ್ಟ್ ರಿಕ್ವೆಸ್ಟ್ (ಹೆಸರು, ಪಾಸ್‌ವರ್ಡ್ ತುಂಬಿ ಕಳಿಸುವುದು), ಪ್ರತಿ ಸಾಲಿನಲ್ಲೂ ಸರ್ವರ್ ಕೊಟ್ಟ ಉತ್ತರದ ಸಂಖ್ಯೆ 200. 200 ಅಂದರೆ ಎಲ್ಲ ಸರಿ ಅಂತ ಅಲ್ವಾ? ಯಾರೋ ಒಳಗೆ ಬಂದೇಬಿಟ್ಟರು ಅಂತ ಎದೆ ಧಸಕ್ಕೆಂದಿತು.

ಆಮೇಲೆ ತಿಳಿಯಿತು. ಪಾಸ್‌ವರ್ಡ್ ತಪ್ಪಾದರೆ ವರ್ಡ್‌ಪ್ರೆಸ್ ಅದೇ ಲಾಗಿನ್ ಪುಟವನ್ನು ಮತ್ತೆ ತೋರಿಸುತ್ತದೆ, ಅದಕ್ಕೇ 200. ಸರಿಯಾದರೆ ಒಳಗೆ ಕಳಿಸುತ್ತದೆ, ಆಗ 302. ಲಾಗ್‌ನಲ್ಲಿ 302 ಹುಡುಕಿದೆ. ಸಿಕ್ಕಿದ್ದು ಎರಡೇ, ಎರಡೂ ನಾನು ಲಾಗಿನ್ ಆಗಿದ್ದು.

ಮೊದಲು ಒಂದೇ ಐಪಿ ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕದ ವಿಳಾಸ) ಮಾತ್ರ ಲಾಗಿನ್ ಬಿಡೋಣ ಅಂದುಕೊಂಡೆ. ಆದರೆ ನಾವೆಲ್ಲ ಮೊಬೈಲ್ ಡೇಟಾ ಬಳಸುವವರು, ಐಪಿ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಸೈಟಿನ ಪುಟಗಳನ್ನು ಕಳಿಸುವ ಸರ್ವರ್ ತಂತ್ರಾಂಶ ಅಪಾಚಿಯಲ್ಲೇ ಇನ್ನೊಂದು ಪಾಸ್‌ವರ್ಡ್ ಇಟ್ಟೆ. ಪಾಸ್‌ವರ್ಡ್ ಫೈಲನ್ನು ಬಿಕ್ರಿಪ್ಟ್‌ನಲ್ಲಿ (ಪಾಸ್‌ವರ್ಡನ್ನು ನೇರವಾಗಿ ಓದಲಾಗದಂತೆ ಬದಲಿಸುವ ವಿಧಾನ) ಮಾಡಿ, ಹೊರಗಿನವರು ತೆರೆಯಬಹುದಾದ ಪಬ್ಲಿಕ್ ಫೋಲ್ಡರಿನ ಹೊರಗೆ ಹಾಕಿದೆ. ಎಚ್‌ಟಿಟಿಪಿಎಸ್ (ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ಸಂಪರ್ಕ) ಇಲ್ಲದಿದ್ದರೆ ಮಾತ್ರ ಇದನ್ನು ಮಾಡಬೇಡಿ. ಆಗ ಈ ಪಾಸ್‌ವರ್ಡ್ ದಾರಿಯಲ್ಲಿ ಬರೀ ಬೇಸ್64 ಎಂಬ ಅಕ್ಷರರೂಪದಲ್ಲಿ ಹೋಗುತ್ತದೆ, ಯಾರು ಬೇಕಾದರೂ ಬಿಚ್ಚಿ ಓದಬಹುದು.

ಬೀಗ ಹಾಕಿದ್ದು ಸೈಟ್ ನಿರ್ವಹಣೆಯ ಪುಟಗಳಿರುವ ಡಬ್ಲ್ಯೂಪಿ-ಅಡ್ಮಿನ್ ಫೋಲ್ಡರಿಗೆ. ಮರುದಿನ ನೋಡಿದರೆ ಲಾಗ್ ಹಾಗೇ ಇದೆ! ಲಾಗಿನ್ ಫೈಲ್ ಆ ಫೋಲ್ಡರಿನೊಳಗೆ ಇಲ್ಲವೇ ಇಲ್ಲ, ಸೈಟಿನ ಬುಡದಲ್ಲೇ ಇದೆ. ಅದಕ್ಕೆ ಬೇರೆಯಾಗಿ ಬೀಗ ಹಾಕಿದೆ. ಆಗ 200 ಹೋಗಿ 401, ಅಂದರೆ ಪಾಸ್‌ವರ್ಡ್ ಇಲ್ಲದೆ ಪ್ರವೇಶವಿಲ್ಲ ಎಂಬ ಉತ್ತರ, ಬಂತು. ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿಗೆ ಕೆಲಸವೇ ಬೀಳದ್ದರಿಂದ ಸೈಟೂ ಹಗುರಾಯಿತು. ಹೊರಗಿನ ಆ್ಯಪ್‌ಗಳು ಸೈಟಿನ ಜೊತೆ ವ್ಯವಹರಿಸಲು ಇರುವ ಎಕ್ಸ್‌ಎಂಎಲ್-ಆರ್‌ಪಿಸಿ ಫೈಲಿನ ಮೂಲಕವೂ ಪಾಸ್‌ವರ್ಡ್ ಊಹಿಸಿ ನೋಡಬಹುದು. ನಮಗೆ ಅದು ಬೇಡ, ಪೂರ್ತಿ ಮುಚ್ಚಿದೆ. ಮೊಬೈಲ್ ಆ್ಯಪ್‌ನಿಂದ ಬರಹ ಹಾಕುವವರು ಮುಚ್ಚುವ ಮೊದಲು ಒಮ್ಮೆ ಪರೀಕ್ಷಿಸಿ.

ಎರಡು ದಿನ ಕಳೆದು ಒಬ್ಬ ಹಿರಿಯ ಓದುಗರ ಫೋನ್. "ಏನಪ್ಪಾ, ಪುಸ್ತಕ ಹುಡುಕೋಕೆ ಹೋದ್ರೆ ಪಾಸ್‌ವರ್ಡ್ ಕೇಳ್ತಿದೆಯಲ್ಲ?"

ನಮ್ಮ ಪುಸ್ತಕ ಹುಡುಕಾಟ ನಡೆಯುವುದು ಅಡ್ಮಿನ್-ಅಜಾಕ್ಸ್ ಎಂಬ ಫೈಲಿನ ಮೂಲಕ. ಹೆಸರಿಗೆ ಅಡ್ಮಿನ್, ಇರುವುದೂ ಅಡ್ಮಿನ್ ಫೋಲ್ಡರಿನಲ್ಲಿ, ಆದರೆ ಹೊರಗಿನ ಓದುಗರಿಗೂ ಅದು ಬೇಕು. ಆ ಒಂದು ಫೈಲಿಗೆ ವಿನಾಯಿತಿ ಕೊಟ್ಟೆ. "ಈಗ ನೋಡಿ ಸರ್" ಅಂದೆ. "ಹಾಂ, ಬಂತು ಬಂತು" ಅಂದರು.

ಇಷ್ಟೆಲ್ಲ ಮಾಡುವಾಗ ಗೊತ್ತಾಯಿತು, ದೊಡ್ಡ ತೂತು ನಮ್ಮದೇ. ನಾಲ್ಕು ಜನಕ್ಕೆ ಒಂದೇ ಅಕೌಂಟ್, ಅದರ ಹೆಸರೂ ಅಡ್ಮಿನ್, ಪಾಸ್‌ವರ್ಡ್ ವಾಟ್ಸ್ಆ್ಯಪ್ ಗುಂಪಿನಲ್ಲಿ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಸರಿಮಾಡಬೇಕಾದದ್ದು ಇದು. ಈಗ ಎಲ್ಲರಿಗೂ ಅವರವರ ಅಕೌಂಟ್. ಅಡ್ಮಿನ್ ಅಧಿಕಾರ ಇಬ್ಬರಿಗೆ ಮಾತ್ರ, ಉಳಿದವರು ಎಡಿಟರ್. ನಾವಿಬ್ಬರು ಪಾಸ್‌ವರ್ಡ್ ಜೊತೆಗೆ ಫೋನಿನಲ್ಲಿ ಪ್ರತಿ 30 ಸೆಕೆಂಡಿಗೆ ಬದಲಾಗುವ ಕೋಡನ್ನೂ ಹಾಕಬೇಕು. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು, ಗ್ರಂಥಾಲಯದ ಬೀರುವಿನಲ್ಲಿ ಪುಸ್ತಕದ ರಿಜಿಸ್ಟರ್ ಜೊತೆ ಇಟ್ಟಿದ್ದೇವೆ.